ಸಣ್ಣ ಗೇರು

ಡೋಣಿ ದಾಟಿದ ಮ್ಯಾಲ ರಸ್ತೆ ಒಮ್ಮೆಲೇ ಮಾರಿ ಎತ್ತತೈತಿ.
ನಾನು ತಲಿ ತಗ್ಗಸತೀನಿ.
ಗೇರು ಕಟಕ್ ಅಂತ ಸಣ್ಣದಕ್ಕ ಬೀಳತೈತಿ,
ಅದಕ್ಕಿಂತ ಸಣ್ಣದು ಇಲ್ಲ.
ಆದ್ರೂ ಬೆರಳು ಇನ್ನೊಂದು ಹುಡುಕತೈತಿ,
ಖಾಲಿ ಡಬ್ಬ್ಯಾಗ ಸಕ್ಕರಿ ಕೆರದಂಗ.

ಗದಗಿನಿಂದ ಹೊಂಟಾಗ ಆರು ಮಂದಿ.
ಐದು ಬೆನ್ನು ಮೊದಲನೇ ತಿರುವಿನ್ಯಾಗ
ಬಂದರಕಿ ಗಿಡದ ಹಿಂದ ಕಾಣದಾದುವು.
ದುಂಡೇಶ ಒಮ್ಮೆ ತಿರುಗಿ ಕೈ ಎತ್ತಿದ:
"ಅಕ್ಕಾರ, ಮ್ಯಾಲ ಭೆಟ್ಟಿ!"
ಮ್ಯಾಲ ಭೆಟ್ಟಿ ಅನ್ನೂದು ಸಾಯವರಿಗೆ ಹೇಳೂ ಮಾತು.
ಇರಲಿ.

ಹ್ಯಾಂಡಲ್‌ಗೆ ವೇಗ ತೋರಸೂ ಡಬ್ಬಿ ಕಟ್ಟ್ಯಾರ.
ಐದು. ನಾಕೂವರಿ. ಐದು.
ನಾಕಕ್ಕ ಇಳದ್ರ ನಾ ನಿಂತೀನಂತ ತಿಳದು
ಸೊನ್ನಿ ತೋರಸತೈತಿ.
ನಿಂತಿಲ್ಲೋ ಮಾರಾಯಾ,
ಬಗ್ಗಿ ನೋಡು, ಗಾಲಿ ತಿರಗಾಕತ್ತೈತಿ.

ಇಪ್ಪತ್ತಾರು ವರ್ಷ ಛಾಪಖಾನ್ಯಾಗ ಕರಡು ತಿದ್ದಿದಾಕಿ ನಾನು,
ಪಂಚಾಂಗ, ಲಗ್ನಪತ್ರಿಕಿ, ಏಳನೇ ಇಯತ್ತೆಯ ಗಣಿತ.
ಲಗೂ ಓದವರು ಒತ್ತಕ್ಷರ ತಿಂದು ಮುಂದ ಹೋಗತಾರ.
"ಅರ್ಥ ಬ್ಯಾಡ, ಅಕ್ಷರ ನೋಡು" ಅಂತಿದ್ರು ಗುಂಜಾಳ ಮಾಸ್ತರು,
"ಒಂದು. ಆಮ್ಯಾಲ ಅದರ ಬಾಜೂಕಿಂದು."
ಕಪ್ಪತಗುಡ್ಡಾನೂ ಹಂಗ ಓದತೀನಿ:
ಬಾದಿ ಹುಲ್ಲಿನ ನಿಂಬಿ ವಾಸನಿ,
ಡಾಂಬರಿಗೆ ಅಂಟಿದ ಹಾವಿನ ಪೊರಿ, ಒಂದು ಮೊಳ,
ತಂಗಡಕಿ ಹೂವಿನ್ಯಾಗ ತಲಿ ಕೆಳಗಾದ ದುಂಬಿ,
ಕೆಂಪು ಕಲ್ಲು, ಕಲ್ಲಿನ ಬುಡಕ್ಕ ಇರುವಿ ಸಾಲು.
ಅವೂ ಏರಿಗೇ ಹೊಂಟಾವ, ನನಗಿಂತ ಚೂರು ಹಿಂದ.
ಸಾಕು, ಇವತ್ತ ಯಾರನ್ನೋ ಹಿಂದ ಹಾಕಿದೆ.

ನಾಕನೇ ತಿರುವಿನ್ಯಾಗ ಆಡು.
ಆಡಿನ ಹಿಂದ ದುರಗವ್ವ,
ನಡಕೋಂತ ಬಂದು ನನ್ನ ಗಾಲಿಗೆ ಕೂಡಿದಳು.
"ಗಾಡಿ ಕೆಟ್ಟೈತೇನ ಯವ್ವಾ?"
"ಇಲ್ಲಬೇ, ಇದು ಓಡೂದ ಹಿಂಗ."
"ಇಳದು ನೂಕಿದ್ರ ಹಗುರ ಆಗತಿತ್ತು."
"ಆಗತಿತ್ತು."
ಸ್ವಲ್ಪ ದೂರ ಜೋಡಿ ಹೋದ್ವಿ.
ಆಕಿ ಸೊಸಿಯ ಬಾಣಂತನದ ಸುದ್ದಿ ಹೇಳಿದಳು,
ನಾ ಉಸುರು ಸಿಕ್ಕಾಗ ಹೂಂ ಅಂದೆ.
ಆಮ್ಯಾಲ ಆಕಿಗೆ ಹೊತ್ತಾತು, ಮುಂದ ಹೋದಳು.
ಕಡೇ ಮರಿ ಒಂದು ಮಾತ್ರ ತಿರುಗಿ ಬಂದು
ಓಡೂ ಗಾಲೀನ ಮೂಸಿ ನೋಡಿ
ಇದರಾಗ ಏನೂ ಇಲ್ಲಂತ ಹೋತು.

ಐದು, ಆರು. ಇಲ್ಲಿ ಚಂದ ಇಲ್ಲ.
ಬೆವರು ಕಣ್ಣಾಗ ಉರೀತೈತಿ, ಮೊಣಕಾಲು ಮಾತಾಡತೈತಿ.
ರಸ್ತೆ ಮಾಡಿದವಗ ಬೈತೀನಿ,
ಮುಂಜಾನಿ ತಿಂದ ಎರಡನೇ ಮಿರ್ಚಿಗೆ ಬೈತೀನಿ,
ಯಾಕ ಬರತೀದಿ ಪ್ರತಿ ಆಯಿತವಾರ ಅಂತ
ನಮ್ಮಕ್ಕನ ದನಿಯೊಳಗ ನನಗ ನಾನ ಬೈತೀನಿ.
ಅಷ್ಟರಾಗ ನೆತ್ತಿ ಮ್ಯಾಲ ಗಾಳಿಪಂಖ.
ಅದು ಒಂದು ಸುತ್ತು, ನನ್ನ ಕಾಲು ಮೂರು.
ಎಣಸತೀನಿ: ಅದು ಒಂದು, ನಾ ಮೂರು.
ಅಷ್ಟು ದೊಡ್ಡದಕ್ಕೂ ಅವಸರಿಲ್ಲ.
ಎಣಸೂದು ಯಾವಾಗ ಬಿಟ್ಟೆನೋ ಗೊತ್ತಾಗಲಿಲ್ಲ,
ಬೈಯೂದು ಯಾವಾಗ ನಿಂತಿತೋ ಅದೂ.

ಮ್ಯಾಲ ಐದೂ ಮಂದಿ ಫೋಟೊ ತಗದು, ರೊಟ್ಟಿ ಮುಗಿಸಿ,
ಗಾಳಿಗೆ ನಡಗಿಕೋಂತ ಕುಂತಿದ್ರು.
ನನಗಂತ ಶೇಂಗಾಚಟ್ನಿ ಉಳಿಸಿದ್ರು, ಪಾಪ.
"ಹಾವಿನ ಪೊರಿ ನೋಡಿದ್ರೇನು?" ಅಂದೆ.
"ಯಾವ ಪೊರಿ?"
ಕೆಳಗ ಎರಿಹೊಲ, ಡಂಬಳದ ಕೆರಿ,
ನಾ ಬಂದ ರಸ್ತೆ ಯಾರೋ ಬಿಟ್ಟುಹೋದ ದಾರದಂಗ.

ಇಳಿಯೂದು ಹನ್ನೊಂದು ನಿಮಿಷ,
ಅದರ ಬಗ್ಗೆ ಬರಿಯೂವಂಥಾದ್ದು ಏನೂ ಇಲ್ಲ.
ನಾಕನೇ ತಿರುವಿನ್ಯಾಗ ಮಾತ್ರ
ಕಲ್ಲಿನ ಮ್ಯಾಲಿಂದ ಒಂದು ದನಿ,
ಗಾಳ್ಯಾಗ ಅರ್ಧ ಹರದು ಬಂತು:
"ರಿಪೇರಿ ಆತೇನಬೇ ಗಾಡಿ?"